ನಾಷ್ಟಾ ಕೇಳಬಾರದೆಂಬ ಕಾನೂನು

ಆಳಂದದ ಗುರುಶಾಂತನಿಗೆ ಮನೆಯಲ್ಲೇ ಕೂತು ಕೆಲಸ ಮಾಡುವ ಭಾಗ್ಯ ಬಂದಾಗ, ಅವನ ನೌಕರಿ ಹೋಯಿತೆಂದೇ ಓಣಿಯವರೆಲ್ಲ ಮರುಗಿದರು. ಆದರೆ ಅವನು ಹನಿ ನೀರಾವರಿ ಪೈಪಿನ ಕಂಪನಿಯ ಟೀಮ್ ಲೀಡರ್! ಖಜೂರಿಯ ಜುಬೇರ, ಅಂದೋಲಾದ ದಿಲೀಪ, ಮಣ್ಣೂರಿನ ಮಾಳಮ್ಮ, ಈ ಮೂವರೂ ತಂತಮ್ಮ ಮನೆಯಿಂದಲೇ ರೈತರ ದೂರು ಕೇಳುವವರು. ಮೂರು ತಾಲೂಕಿಗೂ ತನ್ನದೇ ದರ್ಬಾರೆಂದು ಗುರುಶಾಂತ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಸಿಂಹಾಸನಾರೂಢನಾಗಿದ್ದ. (ಸಿಂಹಾಸನದ ಒಂದು ಕಾಲು ಗಿಡ್ಡ; ಕೆಳಗೆ ಇಟ್ಟಿಗೆ ಚೂರು.)

ಒಂದು ದಿನ ಅವನು ದೂರದ ತಂಡವನ್ನು ನಡೆಸುವ ಬಗೆ ಹೇಗೆಂದು ಇಂಟರ್ನೆಟ್ಟಿನಲ್ಲಿ ಪಾಠ ಕೇಳಿದ. ಕೆಟ್ಟದ್ದು ಅಲ್ಲೇ ನೋಡಿ. ಮೀಟಿಂಗಿನಲ್ಲಿ ಕೆಲಸದ್ದು ಬಿಟ್ಟು ಬೇರೆ ಮಾತು ಆಡಕೂಡದಂತೆ! ಮರುದಿನ ಮಾಳಮ್ಮ ಎಂದಿನಂತೆ, "ಸರ, ನಾಷ್ಟಾ ಆತೇನ್ರಿ?" ಎಂದಳು.

"ನಾಷ್ಟಾ, ಊಟ ಇಲ್ಲಿ ಕೇಳಬಾರದು. ಇದು ಆಫೀಸ್ ಅದ!" ಎಂದು ಗುರುಶಾಂತ ಫರ್ಮಾನು ಹೊರಡಿಸಿದ.

ನಮ್ಮ ಕಡೆ ಹೊಟ್ಟೆಯ ವಿಚಾರ ಕೇಳದೆ ಬಾಯಿಂದ ಮಾತೇ ಹೊರಡುವುದಿಲ್ಲ. ಅಂದಿನಿಂದ ಮೂವರೂ ಮದುವೆ ಫೋಟೊಕ್ಕೆ ನಿಂತವರಂತೆ ಬಿಗಿದುಕೊಂಡರು. ಏನು ಕೇಳಿದರೂ "ಹೌದ್ರಿ ಸರ" ಒಂದೇ. ದೂರುಗಳು ರಾಶಿ ಬಿದ್ದವು. ಸೋಲಾಪುರದ ಮುಖ್ಯ ಆಫೀಸಿನ ದೊಡ್ಡ ಮೇಡಂ ವಿದ್ಯಾವತಿಯವರು ಫೋನಿನಲ್ಲಿ ಗುಡುಗಿದರು: "ಸೋಮವಾರ ಮೀಟಿಂಗಿಗೆ ನಾನೇ ಬರ್ತೇನಿ. ಹಿಂಗೇ ಇದ್ರ ಮನಿ ಕೆಲಸ ಬಂದ್. ಎಲ್ಲಾರೂ ಸೋಲಾಪುರಕ್ಕ ಬಂದು ಕುಂದ್ರಬೇಕು."

ದಿನಾ ಸೋಲಾಪುರದ ಬಸ್ಸು! ನೆನೆದದ್ದಕ್ಕೇ ಗುರುಶಾಂತನ ಸೊಂಟ ಹಿಡಿಯಿತು.

ಸೋಮವಾರ ಬಂತು. "ಈ ಕಡೆ ಸುಳೀಬ್ಯಾಡ" ಎಂದು ಹೆಂಡತಿ ಭಾಗ್ಯಜ್ಯೋತಿಗೆ ತಾಕೀತು ಮಾಡಿದ.

"ಹಿಟ್ಟಿನ ಡಬ್ಬಿ ಅಲ್ಲೇ ಅದ. ರೊಟ್ಟಿ ಗಾಳ್ಯಾಗ ತಟ್ಟಲೇನ್ರಿ?"

ಲ್ಯಾಪ್‌ಟಾಪಿನ ಪರದೆಯ ಮೇಲೆ ಮೇಡಂ ಮತ್ತು ಮೂವರ ಮುಖ ಮೂಡಿ ಮೀಟಿಂಗ್ ಶುರುವಾಯಿತು. "ದೂರು ಯಾಕ ಉಳದಾವ?" ಮೇಡಂ ಕೇಳಿದರು.

"ಮಾಳಮ್ಮ, ಹೇಳು," ಎಂದ ಗುರುಶಾಂತ.

"ಹೌದ್ರಿ ಸರ."

"ಜುಬೇರ?"

"ಹೌದ್ರಿ ಸರ."

ಗುರುಶಾಂತ ದಿಲೀಪನನ್ನು ಕರೆಯಲು ಬಾಯಿ ತೆರೆದ. ಅಷ್ಟರಲ್ಲಿ ಹಿಟ್ಟಿಗೆಂದು ಒಳಗೆ ಬಂದ ಭಾಗ್ಯಜ್ಯೋತಿ ಪರದೆಗೆ ಕಣ್ಣು ಹಾಯಿಸಿ ನಿಂತೇಬಿಟ್ಟಳು. "ಯವ್ವಾ, ಮಾಳವ್ವ! ಮಾರಿ ಎಷ್ಟು ಬಾಡ್ಯಾದ! ಉಂಡಿಲ್ಲೇನ ಬೇ?"

ಕಟ್ಟೆ ಒಡೆಯಿತು. "ಎಲ್ಲಿ ಉಣ್ಣೂದ್ರಿ ಅಕ್ಕಾ! ಮುಂಜಾನಿ ಕರೆಂಟ್ ಇಲ್ಲ, ಫೋನ್ ಸತ್ತಿರ್ತದ. ಕರೆಂಟ್ ಬರೂದು ಮಧ್ಯಾಹ್ನ. ಆಮ್ಯಾಲ ಉಳದ ದೂರು ಹಿಡಕೊಂಡು ಒದ್ದಾಡ್ತೇನಿ."

"ಜುಬೇರಣ್ಣ, ನಿಮ್ಮಲ್ಲಿ ಹೆಂಗ?"

"ಮುಂಜಾನಿ ಬರಾಬರ್ ಅದ ಭಾಬಿ. ಮಧ್ಯಾಹ್ನ ಮನಿ ಮುಂದಿನ ರಸ್ತೆದಾಗ ಲಾರಿ ಹಾರ್ನಿಗೆ ನನ್ನ ಮಾತು ನನಗೇ ಕೇಳಂಗಿಲ್ಲ."

"ಹಂಗಾದ್ರ ಮುಂಜಾನಿ ಅಕಿ ರೈತರನ್ನ ನೀವು ನೋಡ್ರಿ, ಮಧ್ಯಾಹ್ನ ನಿಮ್ಮವರನ್ನ ಅಕಿ ನೋಡ್ಲಿ."

"ವೈನಿ, ನನಗೂ ಕೇಳ್ರಿ!" ದಿಲೀಪ ಕೈಯೆತ್ತಿದ. "ಮನಿಗೆ ಬೀಗರು ಬಂದಾರ, ಪಡಸಾಲಿ ಬಿಟ್ಟು ಏಳವಲ್ರು."

"ಹೊಲಕ್ಕ ಹೋಗಿ ಬೇವಿನ ಗಿಡದ ಬುಡಕ ಕುಂದ್ರು. ಕೇಳಿದ್ರ ರೈತರ ಕೆಲಸ ಅನ್ನು. ಸುಳ್ಳೇನಲ್ಲ."

"ಇದನ್ನೆಲ್ಲ ನನಗ್ಯಾಕ ಹೇಳಲಿಲ್ಲ?" ಗುರುಶಾಂತ ಸಿಡುಕಿದ.

"ನೀವು ಕೇಳೇ ಇಲ್ರಿ ಸರ!" ಮೂರೂ ಬಾಯಿ ಒಟ್ಟಿಗೇ ಅಂದವು.

ವಾರದೊಳಗೆ ದೂರುಗಳ ರಾಶಿ ಕರಗಿತು. ಗುರುಶಾಂತ ಓಣಿಯಲ್ಲಿ ಪೇಡೆ ಹಂಚಿ, ಎದೆ ಉಬ್ಬಿಸಿಕೊಂಡು ಮುಂದಿನ ಮೀಟಿಂಗಿಗೆ ಕೂತ.

"ಶಾಬಾಸ್! ಮನಿ ಕೆಲಸ ಕಾಯಂ," ಎಂದರು ವಿದ್ಯಾವತಿ ಮೇಡಂ. ಗುರುಶಾಂತ ಕಾಲರ್ ಸರಿಪಡಿಸಿಕೊಂಡ. "ಇವತ್ತಿಂದ ಟೀಮ್ ಲೀಡರ್ ಭಾಗ್ಯಜ್ಯೋತಿ. ಗುರುಶಾಂತ, ನೀವು ಅವರ ಕೈಕೆಳಗ."

ಮೂವರೂ ಪರದೆ ಅದುರುವಂತೆ ಚಪ್ಪಾಳೆ ತಟ್ಟಿದರು. ಭಾಗ್ಯಜ್ಯೋತಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು; ಗುರುಶಾಂತ ಎದ್ದು ಕುರ್ಚಿ ಬಿಟ್ಟುಕೊಟ್ಟ.

"ಮೇಡಂ, ನನಗ ಎರಡು ದಿನ ರಜಾ ಬೇಕಿತ್ರಿ," ಎಂದ ಕ್ಷೀಣ ದನಿಯಲ್ಲಿ.

"ನನಗ್ಯಾಕ ಕೇಳ್ತೀರಿ? ನಿಮ್ಮ ಲೀಡರಿಗೆ ಕೇಳ್ರಿ."

ಗುರುಶಾಂತ ಹೆಂಡತಿಯ ಕಡೆ ತಿರುಗಿದ. ಹೊಸ ಲೀಡರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮನ್ಯಾಗೇ ಇರಾವ್ರಿಗೆ ರಜಾ ಯಾಕ ಬೇಕ್ರಿ?"