ಮಾವನವರು ನಾಲೆಯಲ್ಲಿ ಕೈ ತೊಳೆದದ್ದು

ಮೊಸರನ್ನ ತಿಂದ ಕೈಯನ್ನು ಕಾಗದದಲ್ಲಿ ಒರೆಸಿಕೊಂಡು ಸುಮ್ಮನಾಗುವುದು ನಮ್ಮ ಜನಕ್ಕೆ ಆಗದ ಮಾತು. ಅಮೆರಿಕದಲ್ಲಿ ಅರ್ಧ ಆಯಸ್ಸು ಕಳೆದವರೂ ಪಾರ್ಕಿನಲ್ಲಿ ಊಟವಾದ ಮೇಲೆ ಬಲಗೈಯನ್ನು ಮೈಯಿಂದ ದೂರ ಹಿಡಿದು, ಬೆರಳು ಅಗಲಿಸಿಕೊಂಡು, ನಲ್ಲಿ ಎಲ್ಲಿದೆ ಎಂದು ಅಲೆಯುವುದನ್ನು ನೋಡಿದ್ದೇನೆ. ನಾನೂ ಅಲೆದಿದ್ದೇನೆ. ಈ ಚಾಳಿ ಒಂದು ಜೀವವನ್ನೇ ತೆಗೆಯಬಹುದು ಎಂದು ನನಗೆ ಗೊತ್ತಾದದ್ದು ಸ್ಯಾನ್ ಡಿಯಾಗೊದ ಉತ್ತರಕ್ಕೆ, ಅವಕಾಡೊ ತೋಟಗಳ ನಡುವೆ ಹರಿಯುವ ಒಂದು ಹಳೆಯ ನಾಲೆಯ ದಂಡೆಯಲ್ಲಿ. ಅಂದು ಅಲ್ಲಿದ್ದವರೆಲ್ಲ ಅದನ್ನು ನೆನೆದು ನಗುತ್ತಾರೆ. ನಾನೂ ಜೊತೆಗೆ ನಗುತ್ತೇನೆ, ಆದರೆ ಕೈ ಬೆವರುತ್ತದೆ.

ನಾವಾಗ ಸ್ಯಾನ್ ಡಿಯಾಗೊದ ರಾಂಚೊ ಬರ್ನಾರ್ಡೊದಲ್ಲಿದ್ದೆವು. ಮಗಳು ನಿಧಿ ಎರಡನೇ ಕ್ಲಾಸು. ನನ್ನ ಹೆಂಡತಿ ಸುಧಾಳ ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದರು, ಆರು ತಿಂಗಳು ಇರುವವರಿದ್ದರು. ಮಾವನವರು ಮಂಡ್ಯ, ಮಳವಳ್ಳಿ ಕಡೆಯ ನಾಲೆಗಳ ಮೇಲೆ ಇಂಜಿನಿಯರಾಗಿ ದುಡಿದು ನಿವೃತ್ತರಾದವರು. ಡಿಸ್ನಿಲ್ಯಾಂಡಿನಲ್ಲೂ ಅವರು ನೋಡಿದ್ದು ದೋಣಿ ಓಡುವ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನೇ. ಅವರನ್ನು ಖುಷಿಪಡಿಸೋಣವೆಂದು, ನಾರ್ತ್‌ರಿಜ್‌ನಲ್ಲಿ ಎಂ.ಎಸ್. ಓದುವಾಗ ನಾನು ದಿನಾ ದಾಟುತ್ತಿದ್ದ ಲಾಸ್ ಏಂಜಲೀಸ್ ನದಿಯನ್ನು ತೋರಿಸಲು ಕರೆದುಕೊಂಡು ಹೋದೆ. ಅಗಲವಾದ ಕಾಂಕ್ರೀಟು, ಅದರ ಮಧ್ಯೆ ದಾರದಂಥ ನೀರು, ಒಂದು ಶಾಪಿಂಗ್ ಕಾರ್ಟು. ಮಾವನವರು ಬಹಳ ಹೊತ್ತು ನೋಡಿದರು. "ಇದು ನದಿ ಅಲ್ಲ ಅಳಿಯಂದಿರೇ, ಮೋರಿ," ಎಂದರು. "ಇಷ್ಟು ಕಾಂಕ್ರೀಟ್ ನನ್ನ ಕೈಗೆ ಕೊಟ್ಟಿದ್ರೆ ಇಡೀ ತಾಲ್ಲೂಕಿಗೆ ನೀರು ಉಣಿಸ್ತಿದ್ದೆ." ವಾಪಸು ಬರುವ ದಾರಿಯುದ್ದಕ್ಕೂ ದಂಡವಾದ ಆ ಕಾಂಕ್ರೀಟಿನ ಲೆಕ್ಕವನ್ನೇ ಹಾಕಿದರು.

ಸೊರೆಂಟೊ ವ್ಯಾಲಿಯ ಆಫೀಸಿನಲ್ಲಿ ಈ ಕಷ್ಟವನ್ನು ನದೀಮನಿಗೆ ಹೇಳಿಕೊಂಡೆ. ಅವನೂ ಮೈಸೂರಿನವನೇ, ಪಕ್ಕದ ಕ್ಯೂಬಿಕಲ್ಲಿನಲ್ಲಿ ಕೂರುವ ಗೆಳೆಯ. "ಅಂಕಲ್‌ಗೆ ನಿಜವಾದ ನಾಲೆ ತೋರ್ಸೋಣ ಕಣೋ. ದಂಡೆ ಮೇಲೆ ನಡೆಯೋಕೆ ದಾರಿ ಇದೆ. ಕೊನೇಲಿ ಒಂದು ಪಬ್ಬು. ಫ್ಯಾಮಿಲಿಗಳೂ ಬರ್ತಾರೆ, ಮಕ್ಕಳಿಗೆ ಐಸ್‌ಕ್ರೀಮ್ ಕೊಡ್ತಾರೆ," ಎಂದ. ಪಬ್ಬು ಮಾತ್ರ ಬೇಡ ಎಂದೆ. ನಾನು ಆಗೀಗ ಒಂದು ಬಿಯರ್ ಕುಡಿಯುತ್ತೇನೆಂಬುದು ಮಾವನವರಿಗೆ ಗೊತ್ತಿರಲಿಲ್ಲ. "ನಾನೇ ಕುಡಿಯಲ್ಲ, ನಿಂಗೇನು ಭಯ? ಎಲ್ಲರೂ ಕಾಫಿ ಕುಡಿಯೋಣ," ಎಂದು ನದೀಮ್ ಧೈರ್ಯ ಹೇಳಿದ.

ಮಂಡಿನೋವಿದ್ದ ಅತ್ತೆಯವರು ಮೊಸರನ್ನ, ನಿಂಬೆಹಣ್ಣಿನ ಚಿತ್ರಾನ್ನ ಕಟ್ಟಿಕೊಟ್ಟು ಮನೆಯಲ್ಲೇ ಉಳಿದರು; ಮಾವನವರು, ಸುಧಾ, ನಿಧಿ, ನದೀಮ್, ನಾನು ಹೊರಟೆವು. ನಾಲೆ ಕಂಡದ್ದೇ ಮಾವನವರ ನಡಿಗೆಯೇ ಬದಲಾಯಿತು. ಕೈ ಹಿಂದೆ ಕಟ್ಟಿಕೊಂಡು, ಇನ್‌ಸ್ಪೆಕ್ಷನ್ನಿಗೆ ಬಂದವರಂತೆ ಮುಂದೆ ಮುಂದೆ ಹೊರಟರು. ಇಳಿಜಾರು ಎಷ್ಟು, ನಾಲೆಗೆ ಹೊದಿಸಿದ ಕಾಂಕ್ರೀಟಿನ ಲೈನಿಂಗ್ ಎಲ್ಲಿ ಬಿರುಕು ಬಿಟ್ಟಿದೆ, ಯಾವ ಗುತ್ತಿಗೆದಾರ ಎಲ್ಲಿ ಸಿಮೆಂಟು ಉಳಿಸಿದ್ದಾನೆ, ಎಲ್ಲ ಹೇಳಿದರು. "ಡ್ಯಾಡಿ, ಈಸ್ ದೇರ್ ಗೋಯಿಂಗ್ ಟು ಬಿ ಅ ಕ್ವಿಜ್?" ಎಂದು ನಿಧಿ ನನ್ನ ಅಂಗಿ ಜಗ್ಗಿದಳು. ನಾಲೆ ಒಂದು ಕಡೆ ರಸ್ತೆಯ ಕೆಳಗೆ ಕೊಳವೆಯೊಳಕ್ಕೆ ನುಗ್ಗಿ ಮರೆಯಾಗುತ್ತಿತ್ತು. ಮಾವನವರು ಅಲ್ಲಿ ನಿಂತು, "ಇದಕ್ಕೆ ಸೈಫನ್ ಅಂತಾರೆ. ಇದರೊಳಗೆ ಹೋದ ಎಮ್ಮೆ ಆ ಕಡೆ ಎಮ್ಮೆಯಾಗಿ ಬರಲ್ಲ," ಎಂದರು. ನಿಧಿ ಮೊದಲ ಸಲ ಆಸಕ್ತಿಯಿಂದ ಕೇಳಿದಳು.

ಅಲ್ಲೇ ಸ್ವಲ್ಪ ಮೇಲಕ್ಕೆ, ನೀಲಗಿರಿ ಮರದ ನೆರಳಲ್ಲಿ ಕೂತು ಊಟ ಮಾಡಿದೆವು. ಎಲೆಯ ವಾಸನೆ, ನೀರಿನ ಸದ್ದು, ದೂರದಲ್ಲೊಂದು ಟ್ರ್ಯಾಕ್ಟರು. ಮಾವನವರು ಉಪನ್ಯಾಸ ನಿಲ್ಲಿಸಿ ಎದುರು ದಂಡೆಯ ಕಡೆ ನೋಡಿದರು. "ಆ ಕಡೆ ಒಂದು ಕಬ್ಬಿನ ಗದ್ದೆ ಇದ್ದಿದ್ರೆ, ನಾನು ಟಿಕೆಟ್ ಕ್ಯಾನ್ಸಲ್ ಮಾಡ್ತಿದ್ದೆ," ಎಂದರು. ಅವರು ಆ ದೇಶದ ಬಗ್ಗೆ ಆಡಿದ ಏಕೈಕ ಒಳ್ಳೆಯ ಮಾತು ಅದು. ಆ ಮಧ್ಯಾಹ್ನವನ್ನು ಅಲ್ಲಿಗೇ ನಿಲ್ಲಿಸಲು ಸಾಧ್ಯವಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಊಟ ಮುಗಿಯಿತು. ನಾನು ಬಾಟಲಿಯ ನೀರು ಹಿಡಿದು ಬರುವಷ್ಟರಲ್ಲಿ ಮಾವನವರು ಬಲಗೈ ಅಗಲಿಸಿಕೊಂಡು ನಾಲೆಗೆ ಹಾಕಿದ್ದ ತಂತಿ ಬೇಲಿಯ ಸಂದಿನಲ್ಲಿ ನುಸುಳಿಯಾಗಿತ್ತು. ಪಕ್ಕದಲ್ಲೇ ಎಚ್ಚರಿಕೆಯ ಬೋರ್ಡು. "ತಾತಾ, ಯು ಕಾಂಟ್ ಗೋ ಇನ್ ದೇರ್!" ಎಂದು ನಿಧಿ ಕೂಗಿದಳು. "ಅದು ಪಬ್ಲಿಕ್‌ಗೆ ಪುಟ್ಟೀ, ಇಲಾಖೆಯವರಿಗಲ್ಲ," ಎಂದು ತಾತ ತಿರುಗಿಯೂ ನೋಡದೆ ಉತ್ತರ ಕೊಟ್ಟರು.

ನಮ್ಮ ಕಡೆ ನಾಲೆಗೆ ಅಲ್ಲಲ್ಲಿ ಮೆಟ್ಟಿಲು ಇರುತ್ತವೆ. ಬಟ್ಟೆ ಒಗೆಯಬೇಕು, ಎಮ್ಮೆ ತೊಳೆಯಬೇಕು. ಇಲ್ಲಿ ಬರೀ ಇಳಿಜಾರು ಕಾಂಕ್ರೀಟು, ಅದರ ಮೇಲೆ ಹಸಿರು ಪಾಚಿ. ಮಾವನವರು ಕುಕ್ಕರಗಾಲಿನಲ್ಲಿ ಕೂತು ಕೈ ಚಾಚಿದರು. ಕೂತ ಭಂಗಿಯಲ್ಲೇ, ಆತುರವಿಲ್ಲದೆ, ನೀರಿನೊಳಕ್ಕೆ ಜಾರಿದರು. ಎದೆಮಟ್ಟದ ನೀರು, ಆದರೆ ಸೆಳೆತ ಜೋರು. "ಏನಿಲ್ಲ, ಏನಿಲ್ಲ," ಎನ್ನುತ್ತಲೇ ಸೈಫನ್ನಿನ ಕಡೆಗೆ ತೇಲತೊಡಗಿದರು. ಪಾಚಿಯನ್ನು ಕೆರೆಯುತ್ತಿದ್ದ ಅವರ ಉಗುರುಗಳಿಗೆ ಏನೂ ಸಿಗುತ್ತಿರಲಿಲ್ಲ.

ಎಂ.ಎಸ್. ಮಾಡಿದ ನಾನು ಆಗ ಮಾಡಿದ ಮೊದಲ ಕೆಲಸವೆಂದರೆ ಮಡಿಸುವ ಮೊಬೈಲು ಬಿಚ್ಚಿ ಸಿಗ್ನಲ್ ಇದೆಯೇ ಎಂದು ನೋಡಿದ್ದು. ಸುಧಾ ಅಷ್ಟರಲ್ಲಿ ದುಪಟ್ಟಾ ಎಳೆದು ನನ್ನ ಕೈಗೆ ತುರುಕಿದ್ದಳು. "ಮಲ್ಕೊಳೋ! ಕಾಲು ನಾನು ಹಿಡ್ಕೋತೀನಿ!" ಎಂದು ನದೀಮ್ ಅರಚಿದ. ಎಲ್ಲರೂ ಬೇಲಿ ನುಸುಳಿ ಓಡಿದೆವು. ನಾನು ಕೊಳವೆಯ ಬಾಯಿಯ ಹತ್ತಿರ ಇಳಿಜಾರಿನಲ್ಲಿ ತಲೆಕೆಳಗಾಗಿ ಮಲಗಿ ದುಪಟ್ಟಾ ಎಸೆದೆ. ಗಾಳಿಗೆ ಅದು ನನ್ನ ಮುಖಕ್ಕೇ ಬಂದು ಅಂಟಿತು. ಮತ್ತೆ ಎಸೆದೆ. ಆಗ ಅವರ ಕಣ್ಣು ನೋಡಿದೆ. ಅದು ಇಂಜಿನಿಯರರ ಕಣ್ಣಾಗಿರಲಿಲ್ಲ. "ಸುಧಾನ, ಮಗೂನ ಆ ಕಡೆ ಕಳಿಸಿ," ಎಂದರು, ಮೆಲ್ಲಗೆ. ಅಷ್ಟು ಹೇಳಿ ದುಪಟ್ಟಾದ ತುದಿ ಹಿಡಿದರು. ನಾನು ಸೊಂಟದವರೆಗೆ ನೀರಿಗೆ ಜಾರಿದೆ, ನದೀಮ್ ಹಿಂದಕ್ಕೆ ಎಳೆದ, ಸುಧಾ ಎಲ್ಲಿಗೂ ಹೋಗದೆ ನದೀಮನ ಸೊಂಟ ಹಿಡಿದು ಎಳೆದಳು. ಮಾವನವರೂ ಸೇರಿ ಎಲ್ಲರೂ ಒಬ್ಬರ ಮೇಲೊಬ್ಬರು ದಂಡೆಗೆ ಬಿದ್ದೆವು.

ಪಬ್ಬು ಹತ್ತಿರವೇ ಇತ್ತು. ಒದ್ದೆಮುದ್ದೆಯಾದ ನಮ್ಮನ್ನು ನೋಡಿ ಕೌಂಟರಿನ ಹೆಂಗಸು ಒಂದೂ ಪ್ರಶ್ನೆ ಕೇಳದೆ ಟವೆಲು ತಂದಳು, ಮಾವನವರಿಗೆ ಪಬ್ಬಿನದೇ ಒಂದು ಟೀಶರ್ಟು ಕೊಟ್ಟಳು. ಎದೆಯ ಮೇಲೆ ನೊರೆ ಉಕ್ಕುವ ಬಿಯರ್ ಮಗ್ಗಿನ ಚಿತ್ರ. ಏನು ಕುಡಿಯುತ್ತೀರಿ ಎಂದಳು. "ಬಿಸಿ ಹಾಲು ಸಿಗುತ್ತಾ ಕೇಳಿ," ಎಂದರು ಮಾವನವರು. ಸಿಕ್ಕಿತು, ದೊಡ್ಡ ಬಿಯರ್ ಮಗ್ಗಿನಲ್ಲಿ. ನಾನು ಕೌಂಟರಿನ ಹಿಂದಿನ ಬಾಟಲಿಗಳ ಸಾಲನ್ನೇ ನೋಡುತ್ತಿದ್ದೆ. "ಅಳಿಯಂದಿರಿಗೂ ಒಂದು," ಎಂದರು. ಮದ್ಯ ಔಷಧಿಯಷ್ಟೇ ಅಗತ್ಯವಾಗಿದ್ದ ನನ್ನ ಜೀವನದ ಒಂದೇ ಒಂದು ಗಳಿಗೆಯಲ್ಲಿ, ಪಬ್ಬಿನಲ್ಲಿ ಕೂತು, ನಾನು ಹಾಲು ಕುಡಿದೆ. ನದೀಮ್ ಕಿಟಕಿಯ ಕಡೆ ತಿರುಗಿ ಭುಜ ಕುಣಿಸಿಕೊಂಡು ನಗುತ್ತಿದ್ದ.

ಮನೆಯ ಬಾಗಿಲಲ್ಲಿ ಅತ್ತೆಯವರು ನಿಂತಿದ್ದರು. ಗಂಡನ ಎದೆಯ ಮೇಲಿನ ಬಿಯರನ್ನೂ, ನನ್ನ ಕೆಸರು ಪ್ಯಾಂಟನ್ನೂ ನೋಡಿ, "ಏನ್ರೀ ಇದು?" ಎಂದರು. ಮಾವನವರು ಒಂದು ಕ್ಷಣವೂ ತಡವರಿಸಲಿಲ್ಲ. "ಅಳಿಯಂದಿರು ನಾಲೆಗೆ ಬಿದ್ದುಬಿಟ್ರು ಕಣೇ. ನಾನು ಇಳಿದು ಎತ್ತಿದೆ." ಎಲ್ಲರೂ ನನ್ನತ್ತ ನೋಡಿದರು. ಅತ್ತೆಯವರಿಗೆ ಬಿ.ಪಿ. ಇತ್ತು. "ಹೌದು," ಎಂದೆ. "ಈಜು ಬರದವರು ನೀರಿನ ಹತ್ರ ಯಾಕಪ್ಪಾ ಹೋಗ್ಬೇಕು?" ಎಂದು ಅತ್ತೆಯವರು ನನ್ನ ತಲೆ ಒರೆಸಿದರು.

ಊರಿಗೆ ಫೋನು ಮಾಡುವ ಕಾಲಿಂಗ್ ಕಾರ್ಡುಗಳು ಒಂದರ ಮೇಲೊಂದು ಮುಗಿದವು. ಮೈಸೂರಿನ ಬಂಧುಬಳಗಕ್ಕೆಲ್ಲ ನನ್ನ ಅಜಾಗರೂಕತೆ ತಿಳಿಯಿತು. ಮಾವನವರು ಹೇಳಿದಷ್ಟು ಸಲವೂ ನಾಲೆಯ ನೀರು ಏರಿತು, ನನ್ನ ಕೂಗು ಜೋರಾಯಿತು. ಈಗ ಅವರು ತೀರಿಹೋಗಿ ವರ್ಷಗಳಾದವು. ಕಣ್ಣಾರೆ ಕಂಡ ನಿಧಿಯೇ ಮೊನ್ನೆ ತನ್ನ ಸ್ನೇಹಿತೆಯರಿಗೆ, ಡ್ಯಾಡಿ ಮುಳುಗುತ್ತಿದ್ದಾಗ ತಾತ ಕಾಪಾಡಿದರೆಂದು ಹೇಳುತ್ತಿದ್ದಳು. ನಾನು ತಿದ್ದಲಿಲ್ಲ. ನಿಜ ಹೇಳಬೇಕೆಂದರೆ, ಕನಸಿನಲ್ಲೂ ಈಗ ಕೊಳವೆಯ ಕಡೆಗೆ ತೇಲುವವನು ನಾನೇ. ಮಾವನವರು ಒಣಗಿದ ಬಟ್ಟೆಯಲ್ಲಿ, ಕ್ಷೇಮವಾಗಿ, ದಂಡೆಯ ಮೇಲಿರುತ್ತಾರೆ. ದುಪಟ್ಟಾ ಗುರಿ ತಪ್ಪದೆ ನನ್ನ ಕೈಗೆ ಬಂದು ಬೀಳುತ್ತದೆ. ಈ ಏರ್ಪಾಡು ನನಗೆ ಒಪ್ಪಿಗೆಯೇ. ತೊಂದರೆ ಒಂದೇ: ಎಳೆಯುವ ಮೊದಲು ಅವರು ಲೈನಿಂಗ್ ಬಗ್ಗೆ ಎರಡು ಮಾತು ಹೇಳಿ ಮುಗಿಸುತ್ತಾರೆ, ಅಲ್ಲಿಯವರೆಗೆ ನಾನು ಕಾಯಬೇಕು.