ಬಿಸಿಲು ಉಣ್ಣಲು ಹೋದ ದರ್ಜಿ

ಗಂಡ: ಅಂಟಿಸಿದ್ದು ಅಂಟಿಸಿದ್ದೇ! ಬೆನ್ನ ಮೇಲೇ ಇರಲಿ. ಬಂದೋರು ಹೋದೋರು ಓದ್ಕೊಳ್ಳಲಿ.

ತಮ್ಮ: ಅಕ್ಕಾ, ಬಾ ಇಲ್ಲಿ! ಭಾವ ನನ್ನ ಬೆನ್ನಿಗೆ ಏನೋ ಮೆತ್ತಿದಾರೆ. ಏನು ಬರೆದಿದೆ ನೋಡು.

ಅಕ್ಕ ಒಲೆ ಬಿಟ್ಟು ಕೈ ಒರೆಸಿಕೊಳ್ಳುತ್ತ ಬಂದಳು. ಮನೆಯ ಮುಂದಿನ ಕೋಣೆಯೇ ಅವಳ ಗಂಡನ ಹೊಲಿಗೆ ಅಂಗಡಿ. ಒಂದು ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಗೋಡೆಗೊತ್ತಿ ಒಂದು ಉದ್ದನೆಯ ಬೆಂಚು. ಆ ಬೆಂಚಿನ ಮೇಲೆ ಅವಳ ತಮ್ಮ. ಎರಡು ದಿನ ಇದ್ದು ಹೋಗ್ತೀನಿ ಅಂತ ಬಂದವನು, ಹಲಗೆಗೆ ಮೈಯ ಅಚ್ಚು ಬೀಳುವ ತನಕ ಉಳಿದಿದ್ದ. ಈಗ ಬ್ಯಾಂಡ್‌ಸೆಟ್ಟಿನವರ ಹಸಿರು ಕೋಟುಗಳ ಕೆಲಸ ಬಂದಿತ್ತು. ಹೊಲಿದ ಕೋಟು ಇಡಲು ಬೆಂಚು ಬೇಕು ಅಂತ ಗಂಡ, ಮಲಗಲು ಬೆಂಚು ಬೇಕು ಅಂತ ತಮ್ಮ. ನಡುವೆ ಅವಳು, ಕತ್ತರಿಗೆ ಸಿಕ್ಕ ಬಟ್ಟೆ.

ಹೆಂಡತಿ: ತಿರುಗೋ. ಪ... ರಾ... ವ... ಲಂ... ಬಿ. ಏನೇ ಪುಟ್ಟಿ ಇದು?

ಮಗಳು: ನನ್ನ ವಿಜ್ಞಾನ ಪರೀಕ್ಷೆ ಪದದ ಚೀಟಿ! ಅಪ್ಪಾ, ನನ್ನ ಡಬ್ಬಕ್ಕೆ ಯಾಕೆ ಕೈ ಹಾಕಿದ್ದು?

ಗಂಡ: ನೀನೇ ತಾನೇ ಹೇಳಿದ್ದು, ಪದಗಳನ್ನ ಮನೆಯಲ್ಲಿರೋ ಉದಾಹರಣೆಗಳ ಮೇಲೆ ಅಂಟಿಸಿ ಕಲೀರಿ ಅಂತ ಟೀಚರ್ ಹೇಳಿದಾರೆ ಅಂತ? ಇದಕ್ಕಿಂತ ಒಳ್ಳೆ ಉದಾಹರಣೆ ಇಡೀ ಊರಲ್ಲಿ ಸಿಗಲ್ಲ.

ಮಗಳು: ಪರ ಅಂದ್ರೆ ಬೇರೆಯವರು. ಅವಲಂಬಿ ಅಂದ್ರೆ ನೆಚ್ಕೊಂಡಿರೋದು. ಇನ್ನೊಂದು ಜೀವಿಗೆ ಅಂಟ್ಕೊಂಡು ಅದರ ರಸ ಹೀರಿ ಬದುಕೋದು. ಹೇನು, ಜಿಗಣೆ, ಉಣ್ಣಿ...

ಗಂಡ: ಬಾಮೈದ.

ತಮ್ಮ: ಕೇಳಿಸ್ತಾ ಅಕ್ಕ? ನನ್ನನ್ನ ಉಣ್ಣಿ ಅಂದ್ರು!

ಗಂಡ: ಉಣ್ಣಿಗೆ ಬೇಜಾರಾದೀತು, ಸುಮ್ನಿರೋ. ಅದು ಹೊಟ್ಟೆ ತುಂಬಿದ ಮೇಲಾದ್ರೂ ಉದುರತ್ತೆ.

ತಮ್ಮ ಕೈ ಹಿಂದೆ ಮಾಡಿ ಚೀಟಿ ಹುಡುಕಿದ. ಸಿಗಲಿಲ್ಲ. ಬೆನ್ನು ಗೋಡೆಗೆ ತಿಕ್ಕಿದ.

ಮಗಳು: ಹಾಗೆಲ್ಲ ಕೀಳಂಗಿಲ್ಲ ಮಾಮ. ಪದ ಒಡೆದು, ಅರ್ಥ ಹೇಳಿ, ನನಗೆ ಇದು ಹೊಂದಲ್ಲ ಅಂತ ತೋರಿಸಿದ್ರೆ ಮಾತ್ರ. ಟೀಚರ್ ಮಾಡಿರೋ ನಿಯಮ.

ಗಂಡ: ಸಂಜೆಯೊಳಗೆ ತೋರಿಸು. ಇಲ್ದಿದ್ರೆ ಚೀಟಿ ಸಮೇತ ಬೆಂಚು ಬಿಡು.

ತಮ್ಮ: ಆಯ್ತು ಭಾವ. ಈ ಬಟ್ಟೆ ನೀವು ನೇಯ್ದಿದ್ದಾ? ಬೇರೆಯವರು. ದಾರ? ಬೇರೆಯವರು. ಕೋಟು ಹಾಕ್ಕೊಂಡು ಊದೋರು? ಬೇರೆಯವರು. ಎಲ್ಲಾ ಪರ, ನೀವು ಅವಲಂಬಿ. ಬೆನ್ನು ಕೊಡಿ, ಅಂಟಿಸ್ತೀನಿ.

ಗಂಡ: ಏಯ್! ನಾನು ಉತ್ಪಾದಕ ಕಣೋ! ಉತ್ಪಾದನೆ ಮಾಡೋನು ಉತ್ಪಾದಕ. ಬೆಳಗಾದ್ರೆ ಕೋಟು ಉತ್ಪಾದನೆ ಮಾಡ್ತೀನಿ.

ಮಗಳು: ಕೋಟು ಲೆಕ್ಕಕ್ಕಿಲ್ಲ ಅಪ್ಪ. ತನ್ನ ಊಟ ತಾನೇ ತಯಾರು ಮಾಡ್ಕೊಳ್ಳೋದು ಉತ್ಪಾದಕ.

ಹೆಂಡತಿ: ಯಾರು, ಇವರಾ? ನೀರು ಕಾಯಿಸೋಕೆ ಹೇಳಿದ್ರೆ ತಳ ಹತ್ತಿಸ್ತಾರೆ!

ಮಗಳು: ಅಮ್ಮ, ಅದಕ್ಕೆ ಒಲೆ ಬೇಡ. ಬಿಸಿಲು, ಗಾಳಿ, ನೀರು ಇದ್ರೆ ಸಾಕು. ಮೈ ಮಾತ್ರ ಹಸಿರಾಗಿರಬೇಕು.

ಗಂಡನ ಕಣ್ಣು ಮೇಜಿನ ಮೇಲಿನ ಹಸಿರು ಕೋಟಿನ ಮೇಲೆ ಬಿತ್ತು. ಬಿದ್ದದ್ದೇ ಅರಳಿತು. ಆ ಕಣ್ಣು ಹಾಗೆ ಅರಳಿದಾಗಲೆಲ್ಲ ಮನೆಯಲ್ಲಿ ಏನಾದರೊಂದು ಅನಾಹುತವಾಗಿಯೇ ತೀರುತ್ತದೆ.

ಗಂಡ: ಒಂದು ಚೊಂಬು ನೀರು ಕೊಡೇ.

ಹೆಂಡತಿ: ರೀ, ಊಟದ ಹೊತ್ತು!

ಗಂಡ: ನನ್ನ ಊಟ ನಾನೇ ಮಾಡ್ಕೊಳ್ತೀನಿ. ಇವನ ಮುಂದೆ ಸೋಲೋ ಪೈಕಿ ಅಲ್ಲ ನಾನು.

ಕೋಟು ತೊಟ್ಟು, ಅದರ ಹಿತ್ತಾಳೆ ಗುಂಡಿ ಎಲ್ಲಾ ಹಾಕಿಕೊಂಡು, ಚೊಂಬಿನ ನೀರನ್ನು ಪಾದದ ಮೇಲೆ ಸುರಿದುಕೊಂಡು, ಕೈ ಎರಡೂ ಚಾಚಿ ಹಿತ್ತಲಲ್ಲಿ ನಿಂತುಬಿಟ್ಟ. ಕಾಗೆಯೊಂದು ಬಂದು ಕೈ ಮೇಲೆ ಕೂರೋಣವೋ ಬೇಡವೋ ಅಂತ ನೋಡಿ ಹೋಯಿತು.

ಹೆಂಡತಿ: (ಕಿಟಕಿಯಿಂದ) ಏನಾದ್ರೂ ಆಯ್ತಾ?

ಗಂಡ: ಶುರುವಾಗಿದೆ. ನೆತ್ತಿ ಬಿಸಿಯಾಗ್ತಿದೆ.

ಹೆಂಡತಿ: ಅದು ಊಟ ತಯಾರಾಗ್ತಿರೋದಲ್ಲ, ಮಿದುಳು ಬೇಯ್ತಿರೋದು. ಒಳಗೆ ಬನ್ನಿ!

ಅವಳು ಕಿಟಕಿಯಲ್ಲಿ ಕೂಗಿಕೊಳ್ಳುತ್ತಿದ್ದಾಗ ಇತ್ತ ತಮ್ಮ ತನ್ನ ಊಟದ ಪಾಲು ಮುಗಿಸಿ, ಭಾವನ ಪಾಲಿಗೆ ಕೈ ಹಾಕಿದ್ದ.

ಮಗಳು: ಮಾಮ, ಅದು ಅಪ್ಪಂದು!

ತಮ್ಮ: ನಾನೀಗ ವಿಘಟಕ ಪುಟ್ಟಿ. ವಿಘಟನೆ ಅಂದ್ರೆ ಬಿಡಿ ಬಿಡಿ ಮಾಡೋದು. ಉಳಿದಿದ್ದು ಕೊಳೆತು ನಾರದೇ ಇರೋ ಹಾಗೆ ನೋಡ್ಕೊಳ್ಳೋದು. ಎಂಥ ಪುಣ್ಯದ ಕೆಲಸ!

ಮಗಳು: ವಿಘಟಕ ಸತ್ತಿದ್ದನ್ನ ಕರಗಿಸೋದು. ಅಪ್ಪ ಇನ್ನೂ ಸತ್ತಿಲ್ಲ.

ಗಂಡ: (ಬಾಗಿಲಲ್ಲಿ ಬಂದು ಜೋತುಬಿದ್ದು) ಲೇ... ಹಸಿವಲ್ಲಿ ಸತ್ತೇ ಹೋದೆ ಕಣೇ...

ತಮ್ಮ: ಕೇಳಿದ್ಯಾ? ಕಿತ್ತಾಕು ನನ್ನ ಚೀಟಿ.

ನಿಯಮ ನಿಯಮವೇ. ಮಗಳು ಚೀಟಿ ಕಿತ್ತಳು. ತಮ್ಮ ಬೆಂಚಿನ ಮೇಲೆ ಕಾಲು ಚಾಚಿದ.

ಗಂಡ: ಪಾತ್ರೆ ಖಾಲಿ! ಇನ್ನೊಂದ್ಸಲ ಒಲೆ ಹಚ್ಚೇ.

ತಮ್ಮ: ಹೆಂಗೂ ಹಚ್ತೀಯಲ್ಲ ಅಕ್ಕ, ನನಗೂ ಒಂದು ತುತ್ತು.

ಅವಳು ಪಾತ್ರೆಯನ್ನು ಬಗ್ಗಿಸಿ ನೋಡಿದಳು. ಅವಳ ಪಾಲೂ ಅದರಲ್ಲೇ ಇತ್ತು. ಉಂಡೆಯಾ ಅಂತ ಬೆಳಗಿನಿಂದ ಅವಳನ್ನು ಒಂದು ನರಪಿಳ್ಳೆಯೂ ಕೇಳಿರಲಿಲ್ಲ.

ಹೆಂಡತಿ: ಪುಟ್ಟಿ, ಆ ಡಬ್ಬ ತಾ. (ಒಂದು ಚೀಟಿ ಎತ್ತಿ) ಇದೇನಿದು?

ಮಗಳು: ವಲಸೆ. ಇದ್ದ ಕಡೆ ಊಟ ಸಿಗದಿದ್ರೆ ಸಿಗೋ ಕಡೆಗೆ ಹೋಗೋದು. ಹಕ್ಕಿಗಳು ಹೋಗ್ತಾವಲ್ಲ, ಹಾಗೆ.

ಅವಳು ಚೀಟಿಯನ್ನು ತನ್ನ ಭುಜಕ್ಕೆ ತಾನೇ ಅಂಟಿಸಿಕೊಂಡು ಚಪ್ಪಲಿ ಮೆಟ್ಟಿದಳು.

ಗಂಡ: ಎಲ್ಲಿಗೆ ಹೊರಟೆ?

ಹೆಂಡತಿ: ನಮ್ಮಕ್ಕನ ಮನೆಗೆ. ಪುಟ್ಟಿ, ಪುಸ್ತಕ ತಗೋ, ಅಲ್ಲೇ ಓದ್ಕೊಳ್ಳುವಂತೆ.

ಗಂಡ: ಮೊದ್ಲು ಆ ಚೀಟಿ ಕಿತ್ತಾಕು!

ಹೆಂಡತಿ: ಪದ ಒಡೆದು, ಹೊಂದಲ್ಲ ಅಂತ ತೋರಿಸಿ. ಕೀಳ್ತೀನಿ.

ಗಂಡ: ವಲ... ವಲ ಅಂದ್ರೆ...

ಮಗಳು: ಅದನ್ನ ಒಡೆಯಕ್ಕಾಗಲ್ಲ ಅಪ್ಪ. ಅದು ಇಡೀ ಪದ.

ತಾಯಿ ಮಗಳು ಮನೆ ಬಳಸಿ ಹಿತ್ತಲ ಗೇಟಿನ ಹತ್ತಿರ ಬರುವಷ್ಟರಲ್ಲಿ ಹಸಿರು ಕೋಟು ತೊಟ್ಟ ಗಂಡ, ತಮ್ಮ ಇಬ್ಬರೂ ಬಿಸಿಲಿನಲ್ಲಿ ಕೈ ಚಾಚಿ ನಿಂತಿದ್ದರು. ಒಳಗೆ ಬೆಂಚು ಖಾಲಿ ಬಿದ್ದಿತ್ತು, ಕೇಳುವವರಿಲ್ಲ.

ತಮ್ಮ: ಭಾವ, ಸ್ವಲ್ಪ ಸರೀರಿ. ನಿಮ್ಮ ನೆರಳು ನನ್ನ ಊಟದ ಮೇಲೆ ಬೀಳ್ತಿದೆ.

ಗಂಡ: (ಸರಿದು) ವಲಸೆ ಹೋದ ಹಕ್ಕಿ ವಾಪಸ್ ಬರತ್ತೆ ಅಲ್ವೇನೋ?

ತಮ್ಮ: ಋತು ಬದಲಾದ್ರೆ ಬರತ್ತೆ ಭಾವ.

ಗಂಡ: ಅದು ಬದಲಾಗೋದು ಯಾವಾಗ?

ಹೆಂಡತಿ: (ಗೇಟಿನಾಚೆಯಿಂದ) ನೀವಿಬ್ರೂ ಸೇರಿ ಪಾತ್ರೆ ತೊಳೆದು ಒಲೆ ಹಚ್ಚಿದ ದಿನ!

ಮಗಳು: ಅಮ್ಮ, ಅದು ಋತು ಅಲ್ಲ. ಅದಕ್ಕೆ ಹವಾಮಾನ ಬದಲಾವಣೆ ಅಂತಾರೆ. ಮುಂದಿನ ವರ್ಷದ ಪಾಠ.