ಗೋಡೆಯ ಪರೀಕ್ಷೆ

ಪರದೇಶದ ಕೆಲಸಕ್ಕೆ ಪರೀಕ್ಷೆಯಿದೆ ಎಂದು ಏಜೆಂಟನ ಆಫೀಸಿನಿಂದ ಫೋನು ಬಂದದ್ದೇ ತಡ, ಗಾರೆಯವನು ಇದ್ದ ಕೆಲಸಕ್ಕೆ ಕೈಮುಗಿದು ಬಂದುಬಿಟ್ಟ. ಒಂದೇ ಕೋಣೆಯಲ್ಲಿ ಅವನ ಜೊತೆಗಿದ್ದ ಐದು ಮಂದಿಗೂ ಸಂಭ್ರಮವೋ ಸಂಭ್ರಮ. ಒಬ್ಬ ಅವನ ಅಂಗಿಗೆ ಇಸ್ತ್ರಿ ಹಾಕಿದ, ಇನ್ನೊಬ್ಬ ತನ್ನ ಬೂಟು ತೊಡಿಸಿದ. ಬೂಟು ಎರಡು ಅಳತೆ ದೊಡ್ಡದು. ಹೆಜ್ಜೆಯಿಟ್ಟರೆ ಕಾಲು ಮುಂದೆ, ಬೂಟು ಹಿಂದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ಹೆಂಡತಿ ಊರಿನಿಂದಲೇ ಫೋನಿನಲ್ಲಿ ಎಚ್ಚರಿಸಿದಳು.

ಆಫೀಸೆಂದರೆ ಅರ್ಧ ಕಟ್ಟಿದ ಮೂರಂತಸ್ತಿನ ಮನೆ. ಟೈ ಬಿಗಿದ ಬಡಕಲು ಪರೀಕ್ಷಕರೊಬ್ಬರು ಹಿತ್ತಲಿಗೆ ಕರೆದೊಯ್ದು, ಇಟ್ಟಿಗೆ ರಾಶಿ ತೋರಿಸಿ, ಎದೆಯೆತ್ತರದ ಗೋಡೆ ಕಟ್ಟಲು ಹೇಳಿದರು. ಗಾರೆಯವನು ಬೂಟು ಕಳಚಿಟ್ಟು ಕರಣೆ ಹಿಡಿದ. ಮಧ್ಯಾಹ್ನದೊಳಗೆ ಗೋಡೆ ನೂಲು ಹಿಡಿದಂತೆ ಎದ್ದು ನಿಂತಿತು. ಪರೀಕ್ಷಕರು ತೂಗುಗುಂಡು ಇಳಿಬಿಟ್ಟು, ಮಗುವಿನ ಬಾಯಲ್ಲಿ ಹಲ್ಲು ಹುಡುಕುವ ಅಜ್ಜಿಯಂತೆ ಇಣುಕಿ ನೋಡಿ, ಇದೊಂದರಿಂದ ತೀರ್ಮಾನವಾಗದು, ಬಚ್ಚಲಿನ ಗೋಡೆಯನ್ನೂ ಕಟ್ಟು ಎಂದರು.

ಬಚ್ಚಲಿನಲ್ಲಿ ನಲ್ಲಿ ಕೆಲಸದವನೊಬ್ಬ ತನ್ನ ಭವಿಷ್ಯವೇ ಅಲ್ಲಿದೆಯೆಂಬಂತೆ ಪೈಪಿನೊಳಗೆ ಇಣುಕುತ್ತಿದ್ದ. ಅವನಿಗೆ ಇದು ನಾಲ್ಕನೇ ದಿನದ ಪರೀಕ್ಷೆಯಂತೆ. ಮೇಲೆ ಬಣ್ಣ ಬಳಿಯುತ್ತಿದ್ದವನು ಎರಡು ಕೋಣೆಗಳಲ್ಲಿ ಫೇಲಾಗಿ, ಮೂರನೆಯದರಲ್ಲಿ ಪಾಸಾಗುವ ಭರವಸೆಯಲ್ಲಿದ್ದ. ಕೂಲಿಯ ಮಾತೆತ್ತಿದರೆ, ಪರೀಕ್ಷೆ ಬರೆದವರಿಗೆ ಯಾರಾದರೂ ಸಂಬಳ ಕೊಡುತ್ತಾರೆಯೇ ಎಂದು ಪರೀಕ್ಷಕರು ಕೇಳುತ್ತಿದ್ದರಂತೆ.

ಸಂಜೆಯ ಹೊತ್ತಿಗೆ ಗಾರೆಯವನಿಗೆ ಸಂಗತಿ ಹೊಳೆಯಿತು: ಏಜೆಂಟ್ ಪುಕ್ಕಟೆಯಾಗಿ ತನ್ನ ಮನೆ ಕಟ್ಟಿಸಿಕೊಳ್ಳುತ್ತಿದ್ದಾನೆ. ಕೈಯಲ್ಲಿ ಕರಣೆ ಹಿಡಿದೇ ಅವನು ಪರೀಕ್ಷಕರನ್ನು ಹುಡುಕಿ ಹೊರಟ. ನಲ್ಲಿಯವನೂ ಬಣ್ಣದವನೂ ಬೆನ್ನಿಗೆ ಬಂದರು.

ಪರೀಕ್ಷಕರು ಮೆಟ್ಟಿಲ ಕೆಳಗೆ ಸಿಮೆಂಟು ಮೂಟೆಯ ಮೇಲೆ ಕೂತು ಒಣ ಬನ್ನು ಮುರಿಯುತ್ತಿದ್ದರು. ಬೆಳಗಿನಿಂದ ಅದೇ ಮೊದಲ ತುತ್ತು ಎಂಬುದು ತಿನ್ನುವ ಆತುರದಲ್ಲೇ ತಿಳಿಯುತ್ತಿತ್ತು.

“ನಾವೇನು ಕಿವಿ ಮೇಲೆ ಹೂ ಇಟ್ಕೊಂಡು ಬಂದಿದ್ದೀವಾ ಸಾರ್? ಇನ್ನು ಒಂದು ಇಟ್ಟಿಗೆನೂ ಇಡಲ್ಲ. ಮೂವರೂ ಹೊರಟ್ವಿ,” ಎಂದ ಗಾರೆಯವನು.

ಬನ್ನು ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

“ಹಾಗೆ ಮಾಡ್ಬೇಡಪ್ಪ,” ಎಂದರು ಪರೀಕ್ಷಕರು ಮೆಲ್ಲಗೆ. “ಕೆಲಸದವರು ಒಬ್ಬರು ಬಿಟ್ಟು ಹೋದ್ರೂ ನನ್ನನ್ನ ಫೇಲ್ ಮಾಡ್ತಾರೆ. ನಾನೂ ಫಾರಿನ್ನಿಗೆ ಹೋಗೋನೇ. ಸೂಪರ್‌ವೈಸರ್ ಪರೀಕ್ಷೆ. ಇವತ್ತಿಗೆ ಹನ್ನೊಂದನೇ ದಿನ.”

ಮೂವರೂ ಮುಖ ಮುಖ ನೋಡಿಕೊಂಡರು. ಬಣ್ಣದವನ ನಗು ಅರ್ಧಕ್ಕೇ ಕೆಮ್ಮಾಯಿತು. ಗಾರೆಯವನು ಬಯ್ಯಲು ಬಾಯಿ ತೆರೆದ; ಆದರೆ ಬೈಸಿಕೊಳ್ಳಬೇಕಾದವನು ಅಲ್ಲಿರಲಿಲ್ಲ. ಕರಣೆಯನ್ನು ಗೋಡೆಗೆ ಒರಗಿಸಿ, ಮೂಟೆಯ ಮೇಲೆ ಅವರ ಪಕ್ಕದಲ್ಲೇ ಕೂತ.

“ನಾಳೆ ಎಷ್ಟೊತ್ತಿಗೆ ಬರ್ಲಿ ಸಾರ್?” ಎಂದು ಕೇಳಿದ.